ಮನೋವ್ಯಾಧಿಯೂ ಮನೆತನದ ಕರ್ತವ್ಯವೂ

ನಂಜನಗೂಡು ಬಹುಕಾಲದಿಂದ ರೋಗಿಗಳು ಆಶೆಯಿಟ್ಟು ಬರುವ ಊರು. ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಉರುಳುಸೇವೆ ಸಲ್ಲಿಸಿ, ಬಂದ ಬೇನೆ ಕಳೆಯಿತೆಂದು ಸಮಾಧಾನಪಟ್ಟು ಹಿಂದಿರುಗುವವರನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ಗುಣವಾಯಿತೆಂದೂ, ಆತನು ಸ್ವಾಮಿಗೆ ‘ಹಕೀಂ ನಂಜುಂಡ’ನೆಂದು ಹೆಸರಿಟ್ಟನೆಂದೂ ಜನರು ಇಂದಿಗೂ ಹೇಳುತ್ತಾರೆ. ಮನೆಮನೆಗೆ ಹಲ್ಲುಪುಡಿಯನ್ನು ಮುಟ್ಟಿಸಿದ ಸದ್ವೈದ್ಯಶಾಲೆಯು 1913ರಲ್ಲಿ ಹುಟ್ಟಿದುದೂ ಈ ಊರಿನಲ್ಲಿಯೇ. ಹೀಗೆ ದೈವವೂ ಮದ್ದೂ ಒಂದೇ ಊರಿನಲ್ಲಿ ಜಗಳವಿಲ್ಲದೆ ಬಾಳಿಕೊಂಡು ಬಂದಿವೆ. ಇಲ್ಲಿಂದ ಮುಂದೆ ಹರಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ಆ ಸಂಗಮದಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಗಳಂದು ಮೀಯಲು ಬರುವವರ ಸಂಖ್ಯೆ ಕಡಿಮೆಯಲ್ಲ.

ಈ ಎರಡು ಕ್ಷೇತ್ರಗಳ ನಡುವಣ ಹಳ್ಳಿಗಳಿಂದ ನಮ್ಮ ಮಠಕ್ಕೆ ಬರುವ ಭಕ್ತರಲ್ಲಿ ಒಂದು ಬಗೆಯ ಕುಟುಂಬಗಳುಂಟು. ಅವರು ಜನಸಂದಣಿ ಕರಗುವವರೆಗೆ ಕಾದಿದ್ದು, ಕಡೆಯಲ್ಲಿ ಒಳಗೆ ಬರುತ್ತಾರೆ. ಅವರ ನಡುವೆ ಒಬ್ಬ ತರುಣನೋ ತರುಣಿಯೋ ಇರುವುದುಂಟು. ತಲೆಗೂದಲು ಬಾಚಿರುವುದಿಲ್ಲ, ಕಣ್ಣು ಯಾರ ಮೇಲೂ ನಿಲ್ಲುವುದಿಲ್ಲ, ತುಟಿ ಮಾತ್ರ ಯಾರೊಡನೆಯೋ ಮಾತನಾಡುತ್ತಿರುವಂತೆ ಅಲುಗುತ್ತಿರುತ್ತದೆ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಬುದ್ಧೀ, ಇವನಿಗೆ ಏನೋ ಮೆಟ್ಕೊಂಡಿದೆ ಅಂತಾರೆ, ಹೌದಾ?” ಎಂದು ಕೇಳುತ್ತಾಳೆ. ಇದು ಮೊದಲನೆಯ ಪ್ರಶ್ನೆ. “ಯಾರ ಪಾಪ ಇದು?” ಎಂಬುದು ಎರಡನೆಯದು. “ಮದುವೆ ಮಾಡಿದರೆ ಸರಿಹೋದಾನೇ?” ಎಂಬುದು ಮೂರನೆಯದು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಮೂರು ಪ್ರಶ್ನೆಗಳನ್ನು ನಾವು ಎಷ್ಟು ಸಾರಿ ಕೇಳಿದ್ದೇವೆಯೋ ಲೆಕ್ಕವಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತುದೂ, ಮಾನಸಗಂಗೋತ್ರಿಯಲ್ಲಿ ಓದಿದುದೂ, ಬಳಿಕ ಮನೋವೈದ್ಯರ ಬಳಿ ಕುಳಿತು ಕೇಳಿ ತಿಳಿದುದೂ ಈ ಪ್ರಶ್ನೆಗಳಿಗೆ ಯಾವ ಉತ್ತರವನ್ನು ಕೊಡುತ್ತವೆ ಎಂಬುದನ್ನು ನಮ್ಮ ಪತ್ರಿಕೆಯ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ವೈದ್ಯರು ಈ ವ್ಯಾಧಿಯನ್ನು ‘ಸ್ಕಿಜೋಫ್ರೀನಿಯಾ’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಇಚ್ಚಿತ್ತ ವಿಕಲತೆ’ ಎಂಬ ಮಾತು ಬಳಕೆಗೆ ಬಂದಿದೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯನು ಈ ಹೆಸರನ್ನು ರೂಢಿಗೆ ತಂದನು. ಅದಕ್ಕೆ ಮುನ್ನ ಜರ್ಮನಿಯ ಕ್ರೇಪೆಲಿನ್ ಎಂಬಾತ ಇದನ್ನು ಯೌವನದಲ್ಲಿಯೇ ಬರುವ ಬುದ್ಧಿಕ್ಷಯವೆಂದು ವರ್ಣಿಸಿದ್ದನು. ಹೆಸರು ತುಸು ತಪ್ಪುದಾರಿಗೆ ಎಳೆಯುವಂಥದು. ಒಬ್ಬನಲ್ಲಿ ಇಬ್ಬರು ಇರುವರೆಂದು ಅದರ ಅರ್ಥವಲ್ಲ. ಆಲೋಚನೆ, ಭಾವನೆ, ನಡೆ ಈ ಮೂರೂ ಒಂದಕ್ಕೊಂದು ಹೊಂದದೆ ಬೇರೆಬೇರೆಯಾಗಿ ಎಳೆಯುವುವೆಂದು ಮಾತ್ರ ಅರ್ಥ. ಜಪಾನಿನವರು ಹಳೆಯ ಹೆಸರಿಗೆ ಅಂಟಿದ ಕಳಂಕವನ್ನು ಕಂಡು 2002ರಲ್ಲಿ ತಮ್ಮ ಭಾಷೆಯಲ್ಲಿ ಅದನ್ನು ಬದಲಾಯಿಸಿಯೇಬಿಟ್ಟರು. ಜಗತ್ತಿನಲ್ಲಿ ಸುಮಾರು ಮುನ್ನೂರು ಜನರಲ್ಲಿ ಒಬ್ಬರಿಗೆ ಈ ವ್ಯಾಧಿ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಮೂರು ಸಾವಿರ ಜನವಸತಿಯ ಊರಿನಲ್ಲಿ ಹತ್ತು ಮನೆಗಳಾದರೂ ಇದನ್ನು ಬಲ್ಲವು.

ಇಲ್ಲಿ ಒಬ್ಬ ತರುಣನ ಸಂಗತಿಯನ್ನು ಹೇಳಬೇಕು. ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇವೆ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಿಂದ ನಮ್ಮ ವಿದ್ಯಾರ್ಥಿನಿಲಯಕ್ಕೆ ಬಂದು ಪದವಿ ತರಗತಿಯಲ್ಲಿ ಓದುತ್ತಿದ್ದವನು. ಲೆಕ್ಕದಲ್ಲಿ ಚುರುಕು. ಎರಡನೆಯ ವರ್ಷ, ಹತ್ತೊಂಬತ್ತರ ಪ್ರಾಯದಲ್ಲಿ, ಪಂಕ್ತಿಯಲ್ಲಿ ಕುಳಿತವನು ಸಾರನ್ನು ಮೂಸಿ ನೋಡಿ ಎದ್ದುಹೋಗತೊಡಗಿದನು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಕಿವಿ ಮುಚ್ಚಿಕೊಂಡು ಕೂರುವನು. ಗೋಡೆಯ ಆಚೆ ಇಬ್ಬರು ರಾತ್ರಿಯೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಾರೆಂದು ನಿಲಯಪಾಲಕರಿಗೆ ದೂರು ಕೊಟ್ಟನು. ಆ ಗೋಡೆಯ ಆಚೆ ಇದ್ದುದು ತೆಂಗಿನ ತೋಟ. ಗೆಳೆಯರು ಮೊದಲು ನಕ್ಕರು, ಆಮೇಲೆ ಹೆದರಿದರು. ನಮಗೆ ವಿಷಯ ತಿಳಿಯುವಷ್ಟರಲ್ಲಿ ತಂದೆ ಬಂದು ಊರಿಗೆ ಕರೆದೊಯ್ದಿದ್ದರು. ಕೈಮದ್ದು ಹಾಕಿದ್ದಾರೆಂದು ಒಬ್ಬರು ವಾಂತಿ ಮಾಡಿಸಿದರು. ಗಾಳಿ ಸೋಕಿದೆಯೆಂದು ಇನ್ನೊಬ್ಬರು ಬೇವಿನ ಬರಲಿನಿಂದ ಹೊಡೆದರು. ಉಳುವ ಜೋಡಿ ಎತ್ತು ಮಾರಿಹೋಯಿತು. ಒಂದೂವರೆ ವರ್ಷ ಹೀಗೆ ಕಳೆಯಿತು. ಕಡೆಗೆ ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದ ಮಗನನ್ನು ಕರೆದುಕೊಂಡು ಅವರು ಮಠಕ್ಕೆ ಬಂದರು.

ಮೆಟ್ಟಿಕೊಂಡಿದೆಯೇ ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನರೂ ಸುಲಭವಾಗಿ ‘ಹೌದು’ ಎಂದವರಲ್ಲ. ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ನಿದಾನಸ್ಥಾನದಲ್ಲೊಂದು, ಚಿಕಿತ್ಸಾಸ್ಥಾನದಲ್ಲೊಂದು ಅಧ್ಯಾಯವಿದೆ. ಮನಸ್ಸು, ಬುದ್ಧಿ, ಸಂಜ್ಞೆ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟೂ ಕೆಡುವ ಸ್ಥಿತಿಯೇ ಉನ್ಮಾದವೆಂದು ಅಲ್ಲಿ ವಿವರಿಸಲಾಗಿದೆ. ಹೊರಗಿನ ಭೂತಗ್ರಹಗಳಿಂದ ಬರುವ ಬಗೆಯೊಂದನ್ನು ಹೇಳಿಯೂ, ದೇವತೆಗಳಾಗಲಿ ಪಿಶಾಚಗಳಾಗಲಿ ತಾವಾಗಿಯೇ ಮನುಷ್ಯನನ್ನು ಪೀಡಿಸಲಾರವು ಎಂಬ ಅಭಿಪ್ರಾಯವನ್ನು ಚರಕನು ಸ್ಪಷ್ಟಪಡಿಸಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ವಿವೇಕ ಇಂದು ಬೇವಿನ ಬರಲು ಹಿಡಿದವನಿಗೆ ಇಲ್ಲ. ಆದರೆ ಅದೇ ಗ್ರಂಥವು ರೋಗಿಯ ಪ್ರಜ್ಞಾಪರಾಧವನ್ನು ಮೂಲವೆಂದು ಹೇಳುವುದನ್ನು ಇಂದಿನ ಜ್ಞಾನದ ಬೆಳಕಿನಲ್ಲಿ ಒಪ್ಪಲಾಗುವುದಿಲ್ಲ. ಏಕೆಂದರೆ ಇಲ್ಲಿ ಅಪರಾಧವೆಂಬುದೇ ಇಲ್ಲ.

ಹಾಗಾದರೆ ಏನಿದೆ? ಮಿದುಳಿನ ನರಕೋಶಗಳು ತಮ್ಮತಮ್ಮಲ್ಲಿ ಕೆಲವು ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸಿಕೊಳ್ಳುತ್ತವೆ. ಅವುಗಳಲ್ಲಿ ‘ಡೋಪಮೀನ್’ ಒಂದು. ಕಣ್ಣಿಗೆ ಬಿದ್ದ ನೂರು ಸಂಗತಿಗಳಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಆರಿಸಿಕೊಡುವುದು ಅದರ ಕೆಲಸಗಳಲ್ಲಿ ಒಂದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಮಿದುಳಿನ ಆಳದ ಒಂದು ಭಾಗದಲ್ಲಿ ಇದರ ಉತ್ಪತ್ತಿ ಮಿತಿಮೀರಿದರೆ, ಬಿಡಬೇಕಾದುದೂ ಮುಖ್ಯವೆಂದು ತೋರುತ್ತದೆ. ದಾರಿಹೋಕನ ಕೆಮ್ಮು, ಬಸ್ಸಿನ ಸಂಖ್ಯೆ, ಸಾರಿನ ವಾಸನೆ ಎಲ್ಲವೂ ತನ್ನನ್ನೇ ಕುರಿತ ಸಂಕೇತಗಳಾಗುತ್ತವೆ. ಆ ಸಂಕೇತಗಳಿಗೆ ಮನಸ್ಸು ಹೊಂದಿಸಿಕೊಂಡ ಕಥೆಯೇ ಸಂಶಯದ ಭ್ರಾಂತಿ. ಆ ತರುಣನು ಸಾರನ್ನು ಮೂಸಿದುದು ಹಟದಿಂದಲ್ಲ; ಅವನ ಮಿದುಳು ಅವನಿಗೆ ಹಾಗೆ ಸುದ್ದಿ ಕೊಟ್ಟಿತು.

ನಮ್ಮ ರೈತರಿಗೆ ಇದನ್ನು ಕಬಿನಿ ನಾಲೆಯ ಉಪಮೆಯಿಂದ ಹೇಳುವುದುಂಟು. ತೂಬು ಹೆಚ್ಚು ತೆರೆದ ಗದ್ದೆಯಲ್ಲಿ ಪೈರು ಕೊಳೆಯುತ್ತದೆ, ನಾಲೆಯ ಕೊನೆಯ ಗದ್ದೆಗೆ ನೀರೇ ಮುಟ್ಟುವುದಿಲ್ಲ. ಈ ವ್ಯಾಧಿಯಲ್ಲಿಯೂ ಒಂದು ಕಡೆ ಡೋಪಮೀನ್ ಹೆಚ್ಚಾಗಿ ಇಲ್ಲದ ಮಾತು ಕೇಳಿಸುತ್ತದೆ, ಸಂಶಯ ಹುಟ್ಟುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಅದು ಕಡಿಮೆಯಾಗಿ ಉತ್ಸಾಹ ಬತ್ತುತ್ತದೆ, ಸ್ನಾನವೂ ಬೇಡವಾಗುತ್ತದೆ, ನಗು ಅಳು ಎರಡೂ ಮುಖದಿಂದ ಮರೆಯಾಗುತ್ತವೆ ಎಂಬುದು ಬಹುಮಂದಿ ವಿಜ್ಞಾನಿಗಳ ಊಹೆ. ಮೊದಲನೆಯದನ್ನು ಮನೆಯವರು ಹುಚ್ಚೆನ್ನುತ್ತಾರೆ, ಎರಡನೆಯದನ್ನು ಸೋಮಾರಿತನವೆಂದು ಬಯ್ಯುತ್ತಾರೆ. ಎರಡೂ ಒಂದೇ ವ್ಯಾಧಿಯ ಲಕ್ಷಣಗಳು. ಡೋಪಮೀನ್ ಒಂದೇ ಕಾರಣವೂ ಅಲ್ಲ. ‘ಗ್ಲುಟಮೇಟ್’ ಎಂಬ ಇನ್ನೊಂದು ರಾಸಾಯನಿಕದ ಏರುಪೇರೂ ಇದರಲ್ಲಿ ಸೇರಿದೆಯೆಂಬುದಕ್ಕೆ ಆಧಾರಗಳಿವೆ. ಹದಿಹರೆಯದಲ್ಲಿ ಮಿದುಳು ತನಗೆ ಬೇಡವಾದ ನರಸಂಪರ್ಕಗಳನ್ನು ಸವರಿಹಾಕುತ್ತದೆ. ಬಾಳೆಯ ಬುಡದಲ್ಲಿ ಹೆಚ್ಚಾದ ಕಂದನ್ನು ತೆಗೆಯುವಂತೆ ಅದು ಒಳ್ಳೆಯದೇ. ಕೆಲವರಲ್ಲಿ ಈ ಸವರುವಿಕೆ ಮಿತಿಮೀರುವುದೆಂದು ಭಾವಿಸಲಾಗಿದೆ. ವ್ಯಾಧಿಯು ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ, ಅಂದರೆ ವಿದ್ಯಾರ್ಥಿನಿಲಯದ ವಯಸ್ಸಿನಲ್ಲಿ, ತಲೆದೋರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ತಿಳಿವಳಿಕೆಯ ಬೇರೊಂದು ನಮ್ಮ ನೆಲದಲ್ಲಿಯೇ ಇರುವುದು ಕುತೂಹಲಕರ. ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೊಡಬಹುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಬಂಗಾಳದ ವೈದ್ಯರು 1931ರಲ್ಲಿ ಬರೆದರು. ಆ ಬೇರಿನಿಂದ 1952ರಲ್ಲಿ ‘ರಿಸರ್ಪಿನ್’ ಎಂಬ ಸತ್ತ್ವವನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಮರದ ಕೊರಡಿನಂತೆ ಅಲುಗದೆ ಕುಳಿತವು. ಡೋಪಮೀನ್ ಆಗಿ ಮಾರ್ಪಡುವ ವಸ್ತುವನ್ನು ಚುಚ್ಚಿದಾಗ ಮತ್ತೆ ಎದ್ದು ಓಡಾಡಿದವು. 1957ರ ಈ ಪ್ರಯೋಗದಿಂದ ಡೋಪಮೀನಿನ ಮಹತ್ತ್ವ ಜಗತ್ತಿಗೆ ತಿಳಿಯಿತು. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಪಾರಿತೋಷಕ ದೊರೆಯಿತು. ಇತ್ತ 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ‘ಕ್ಲೋರ್‌ಪ್ರೊಮಝೀನ್’ ಎಂಬ ಔಷಧವನ್ನು ಉನ್ಮಾದಿಗಳಿಗೆ ಕೊಟ್ಟು ಫಲ ಕಂಡಿದ್ದರು. ಆ ಬಳಿಕ ಬಂದ ಮದ್ದುಗಳಲ್ಲಿ ಹೆಚ್ಚಿನವು ಡೋಪಮೀನಿನ ತೂಬನ್ನು ಅಷ್ಟಿಷ್ಟು ಮುಚ್ಚುವಂಥವೇ. ಬೇರೊಂದು ಮಾರ್ಗದಿಂದ ಕೆಲಸ ಮಾಡುವ ಹೊಸ ಬಗೆಯ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ರೋಗನಿರ್ಣಯದ ವಿಷಯದಲ್ಲಿ ಭಕ್ತರಿಗೆ ಒಂದು ನಿರಾಶೆ ಕಾದಿರುತ್ತದೆ. ‘ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲವೆಂದರು, ಆದ್ದರಿಂದ ರೋಗವಿಲ್ಲ, ಇದು ಮಾಟವೇ’ ಎಂದು ವಾದಿಸುವವರನ್ನು ಕಂಡಿದ್ದೇವೆ. ಇಚ್ಚಿತ್ತ ವಿಕಲತೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಚಿತ್ರವಾಗಲಿ ಇನ್ನೂ ಇಲ್ಲ. ಆ ಪರೀಕ್ಷೆಗಳು ಬೇರೆ ಕಾರಣಗಳನ್ನು ತಳ್ಳಿಹಾಕುವುದಕ್ಕೆ. ಥೈರಾಯ್ಡ್ ಗ್ರಂಥಿಯ ದೋಷ, ಮೂರ್ಛೆರೋಗ, ಮಿದುಳಿನ ಸೋಂಕು, ಮದ್ಯ, ಗಾಂಜಾ ಇವುಗಳಿಂದಲೂ ಇಂಥ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಅವು ಯಾವುವೂ ಅಲ್ಲವೆಂದಾದ ಮೇಲೆ ವೈದ್ಯರು ರೋಗಿಯೊಡನೆಯೂ ಮನೆಯವರೊಡನೆಯೂ ನಿಧಾನವಾಗಿ ಮಾತನಾಡಿ ತೀರ್ಮಾನಕ್ಕೆ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಲಕ್ಷಣಗಳು ಕನಿಷ್ಠ ಒಂದು ತಿಂಗಳು ಇರಬೇಕು. ಅಮೆರಿಕದ ಪದ್ಧತಿಯಲ್ಲಿ ಒಟ್ಟು ಆರು ತಿಂಗಳ ಅವಧಿಯನ್ನು ನೋಡುತ್ತಾರೆ. ತೀರಿಕೊಂಡ ಗಂಡನ ದನಿ ಒಂದೆರಡು ಸಾರಿ ಕೇಳಿಸಿತೆಂಬ ವಿಧವೆಗೆ ಈ ರೋಗವಿಲ್ಲ. ಜಾತ್ರೆಯಲ್ಲಿ ಮೈದುಂಬಿ ಕುಣಿದು, ಮರುದಿನ ಎಂದಿನಂತೆ ಹೊಲಕ್ಕೆ ಹೋಗುವವನಿಗೂ ಇಲ್ಲ. ಧ್ಯಾನದಲ್ಲಿ ಕಂಡ ಬೆಳಕು ಮನುಷ್ಯನನ್ನು ಇತರರೊಡನೆ ಇನ್ನಷ್ಟು ಹತ್ತಿರಗೊಳಿಸುವುದು. ವ್ಯಾಧಿಯಿಂದ ಕೇಳಿದ ದನಿ ಅವನನ್ನು ಊಟದ ಪಂಕ್ತಿಯಿಂದ ಎಬ್ಬಿಸಿ, ಮೂಲೆಗೆ ದೂಡುವುದು. ಮಠಾಧಿಪತಿಗಳಾದವರಿಗೆ ಈ ವ್ಯತ್ಯಾಸ ತಿಳಿದಿರಬೇಕಾದುದು ಅವಶ್ಯ.

ಎರಡನೆಯ ಪ್ರಶ್ನೆ ಪಾಪದ್ದು. ಹಳ್ಳಿಯಲ್ಲಿ ಬೆರಳು ಮೊದಲು ತಿರುಗುವುದು ತಾಯಿಯ ಕಡೆಗೆ. ಇದು ನಮ್ಮ ಹಳ್ಳಿಗರ ಅಜ್ಞಾನವೆಂದು ಮಾತ್ರ ತಿಳಿಯಬಾರದು. 1948ರಲ್ಲಿ ಅಮೆರಿಕದ ಒಬ್ಬ ಪ್ರಸಿದ್ಧ ಮನೋವೈದ್ಯೆಯೇ ಈ ವ್ಯಾಧಿಯನ್ನು ಹುಟ್ಟಿಸುವ ತಾಯಂದಿರಿದ್ದಾರೆಂದು ಬರೆದಳು. ಮುಂದೆ ಹಲವು ವರ್ಷ ಅಲ್ಲಿನ ತಾಯಂದಿರು ಆ ನಿಂದೆಯನ್ನು ಹೊತ್ತರು. ಇಂದು ಆ ವಾದ ಬಿದ್ದುಹೋಗಿದೆ. ವಂಶವಾಹಿಗಳ ಪಾತ್ರ ದೊಡ್ಡದು, ಆದರೆ ಅದು ಯಾರೊಬ್ಬರ ತಪ್ಪಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಎಪ್ಪತ್ತಾರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ, ವಂಶವಾಹಿಗಳ 287 ನೆಲೆಗಳು ಈ ವ್ಯಾಧಿಗೆ ಸಂಬಂಧಿಸಿರುವುದನ್ನು ತೋರಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ವ್ಯಾಧಿ ಬಂದರೆ ಇನ್ನೊಬ್ಬನಿಗೆ ಬರುವ ಸಂಭವ ಸುಮಾರು ಅರ್ಧದಷ್ಟು ಮಾತ್ರ. ಉಳಿದುದು ಗರ್ಭಕಾಲದ ಸೋಂಕು, ಹೆರಿಗೆಯ ತೊಡಕು, ಎಳೆಯ ವಯಸ್ಸಿನ ಗಾಂಜಾ ಸೇವನೆ, ಬಾಲ್ಯದ ಆಘಾತ ಮೊದಲಾದ ಕಾರಣಗಳ ಕೂಟ. ತಾಯಿ ತಂದೆಯರಲ್ಲಿ ಒಬ್ಬರಿಗೆ ವ್ಯಾಧಿಯಿದ್ದರೆ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಅದು ಬರಬಹುದು, ತೊಂಬತ್ತಕ್ಕೆ ಬರುವುದಿಲ್ಲ. ಈ ಲೆಕ್ಕವನ್ನು ಕೇಳಿದ ದಿನ ಆ ತಾಯಿ ಮಾತನಾಡಲಿಲ್ಲ. ಸೆರಗನ್ನು ಬಾಯಿಂದ ತೆಗೆದು ನೇರವಾಗಿ ಕುಳಿತಳು.

ತರುಣನನ್ನು ಮೈಸೂರಿನ ಮನೋವೈದ್ಯರೊಬ್ಬರಲ್ಲಿಗೆ ಕಳುಹಿಸಿದೆವು. ವಿಭೂತಿಯನ್ನು ಕೊಡದೆ ಕಳುಹಿಸಲಿಲ್ಲ. ಅದು ಅವರ ಧೈರ್ಯಕ್ಕೆ, ಮಾತ್ರೆ ಮಿದುಳಿಗೆ ಎಂದು ಹೇಳಿದೆವು. ಆರು ವಾರಗಳಲ್ಲಿ ಗೋಡೆಯಾಚೆಯ ಮಾತು ಕ್ಷೀಣಿಸಿತು. ಮೂರು ತಿಂಗಳಿಗೆ ನಿಂತಿತು. ಉತ್ಸಾಹ ಮಾತ್ರ ಅಷ್ಟು ಬೇಗ ಹಿಂದಿರುಗಲಿಲ್ಲ. ಮದ್ದು ಹೆಚ್ಚಾಗಿ ಮೊದಲ ಬಗೆಯ ಲಕ್ಷಣಗಳ ಮೇಲೆ ಕೆಲಸ ಮಾಡುವುದರಿಂದ ಇದು ಸಹಜವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಎಂಟನೆಯ ತಿಂಗಳಿನಲ್ಲಿ ನೆಂಟರೊಬ್ಬರು, ಗುಣವಾದ ಮೇಲೆ ಮಾತ್ರೆ ಏಕೆ, ನರ ಸತ್ತುಹೋಗುತ್ತದೆ ಎಂದರು. ಮಾತ್ರೆ ನಿಂತಿತು. ನಾಲ್ಕನೆಯ ತಿಂಗಳಿಗೆ ಮಾತುಗಳು ಮರಳಿದವು. ಈ ಸಾರಿ ಅವು ಅವನಿಗೆ ಬಾವಿಯ ದಾರಿ ತೋರಿದವು. ನೆರೆಮನೆಯ ಅಜ್ಜಿ ಕಂಡು ಕೂಗಿಕೊಂಡುದರಿಂದ ಜೀವ ಉಳಿಯಿತು. ಈ ವ್ಯಾಧಿಯುಳ್ಳವರಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆಂಬುದನ್ನು ನೆನೆದಾಗ ನೆಂಟರ ಆ ಮಾತಿನ ತೂಕ ಎಷ್ಟೆಂಬುದು ತಿಳಿದೀತು. ಇವರು ಇತರರನ್ನು ಕೊಲ್ಲುವರೆಂದು ಜನ ಹೆದರುವುದುಂಟು. ವಾಸ್ತವದಲ್ಲಿ ಇವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು.

ಮಾತ್ರೆಗಳಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಔಷಧಗಳಿಂದ ಕೈ ನಡುಗುವುದು, ಮೈ ಬಿಗಿಯುವುದು ಹೆಚ್ಚು. ಡೋಪಮೀನಿನ ತೂಬನ್ನು ಮುಚ್ಚಿದಾಗ ನಡಿಗೆಗೆ ಬೇಕಾದ ಕಡೆಯಲ್ಲಿಯೂ ಅದು ಕಡಿಮೆಯಾಗುವುದೇ ಇದಕ್ಕೆ ಕಾರಣ. ಹೊಸ ಔಷಧಗಳಲ್ಲಿ ಕೆಲವು ಮೈತೂಕವನ್ನೂ ಸಕ್ಕರೆ ರೋಗವನ್ನೂ ತರುತ್ತವೆ. ಇವನ್ನು ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೆ ಔಷಧ ಬದಲಿಸುತ್ತಾರೆ. ಹೇಳದೆ ನಿಲ್ಲಿಸುವುದೇ ಅಪಾಯ. ಮೊದಲ ಸಲ ಬಂದವರಿಗೂ ಲಕ್ಷಣ ಅಡಗಿದ ಬಳಿಕ ಒಂದೆರಡು ವರ್ಷವಾದರೂ ಮದ್ದು ಬೇಕು. ಮರುಕಳಿಸಿದವರಿಗೆ ಹಲವು ವರ್ಷ ಬೇಕಾಗುವುದು. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಎರಡು ಔಷಧಗಳಿಗೂ ಬಗ್ಗದವರಿಗೆ ‘ಕ್ಲೋಝಪೀನ್’ ಉಂಟು. ರಕ್ತದ ಬಿಳಿಯ ಕಣಗಳನ್ನು ಅದು ಕೆಲವರಲ್ಲಿ ಕುಗ್ಗಿಸುವುದರಿಂದ ಆಗಾಗ ರಕ್ತಪರೀಕ್ಷೆ ಕಡ್ಡಾಯ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುವುದೆಂಬುದು ಅನೇಕ ಅಧ್ಯಯನಗಳ ಸಾರ. ಮಾರಿಹೋದ ಎತ್ತುಗಳಿಗಿಂತ ಕಳೆದುಹೋದ ಆ ಒಂದೂವರೆ ವರ್ಷವೇ ಆ ಮನೆಗೆ ದೊಡ್ಡ ನಷ್ಟ.

ಇನ್ನು ಮೂರನೆಯ ಪ್ರಶ್ನೆ. ಇದು ನಮ್ಮಂಥವರನ್ನು ನಿಜವಾಗಿ ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ. ಎರಡನೆಯ ಸಾರಿ ಚೇತರಿಸಿಕೊಂಡ ಮಗನಿಗೆ ತಾಯಿ ಹೆಣ್ಣು ನೋಡಿದಳು. ನಂಜನಗೂಡಿನ ಕಡೆಯ ಮನೆ. ಅವರೂ ನಮ್ಮ ಮಠದ ಭಕ್ತರೇ. ಲಗ್ನಪತ್ರಿಕೆಯನ್ನು ಮಠದಲ್ಲಿಯೇ ಬರೆಸಿ ಆಶೀರ್ವದಿಸಬೇಕೆಂದು ಬೇಡಿದಳು. ಹೆಣ್ಣಿನವರಿಗೆ ವಿಷಯ ಹೇಳಿದ್ದೀರಾ ಎಂದು ಕೇಳಿದೆವು. “ಹೇಳಿದರೆ ಯಾರು ಕೊಡ್ತಾರೆ ಬುದ್ಧಿ? ಮದುವೆಯಾದರೆ ಅವಳೇ ನೋಡ್ಕೊಳ್ತಾಳೆ. ನನಗೂ ವಯಸ್ಸಾಯ್ತು” ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ತಾನು ಸತ್ತ ಮೇಲೆ ಮಗನಿಗೆ ಅನ್ನ ಹಾಕುವವರು ಯಾರೆಂಬ ಭಯವಿತ್ತು. ಎರಡು ಮನೆಗಳೂ ನಮ್ಮನ್ನು ಗುರುಗಳೆಂದು ನಂಬಿದ್ದವು. ಒಂದರ ಗುಟ್ಟನ್ನು ಇನ್ನೊಂದಕ್ಕೆ ನಾವು ಹೇಳುವಂತಿರಲಿಲ್ಲ. ಅರಿತೂ ಅರಿಯದವರಂತೆ ಅಕ್ಷತೆ ಹಾಕುವಂತೆಯೂ ಇರಲಿಲ್ಲ.

ಈ ವ್ಯಾಧಿಯುಳ್ಳವರು ಮದುವೆಯೇ ಆಗಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ಹಾಗೆ ಹೇಳುವುದಿಲ್ಲ. ಸಮ್ಮತಿ ಕೊಡಲಾರದಷ್ಟು, ಇಲ್ಲವೆ ದಾಂಪತ್ಯಕ್ಕೂ ಸಂತಾನಕ್ಕೂ ಅನರ್ಹವಾಗುವಷ್ಟು ಮನೋವ್ಯಾಧಿಯನ್ನು ಅದು ತಡೆಯೆಂದು ಎಣಿಸುತ್ತದೆ. ಪತ್ನಿಗೆ ಈ ಕಾಯಿಲೆಯಿದೆಯೆಂದು ವಿಚ್ಛೇದನ ಬೇಡಿದ ಪತಿಗೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅದನ್ನು ನಿರಾಕರಿಸಿ, ಇದು ಚಿಕಿತ್ಸೆಗೆ ಒಳಪಡುವ ಕಾಯಿಲೆಯೆಂದು ಹೇಳಿತು. ಆ ತೀರ್ಪನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು. ಆದುದರಿಂದ ತೊಡಕಿರುವುದು ಮದುವೆಯಲ್ಲಲ್ಲ, ಮರೆಮಾಚುವುದರಲ್ಲಿ. ಮದುವೆಯನ್ನು ಮದ್ದೆಂದು ತಿಳಿಯುವುದಂತೂ ಸರ್ವಥಾ ತಪ್ಪು. ಹೊಸ ಮನೆ, ಹೊಸ ಹೊಣೆ, ನಿದ್ರೆಗೆಟ್ಟ ರಾತ್ರಿಗಳು ವ್ಯಾಧಿಯನ್ನು ಕೆರಳಿಸಬಹುದು.

ನಾವು ತಾಯಿಗೆ, “ನೀವೇ ಹೇಳಿ, ಹೇಳಿದ ಮೇಲೆ ಅವರು ಒಪ್ಪಿದರೆ ನಾವೇ ಬಂದು ಅಕ್ಷತೆ ಹಾಕುತ್ತೇವೆ. ಹೇಳದಿದ್ದರೆ ಲಗ್ನಪತ್ರಿಕೆಗೆ ಮಠದ ಹೆಸರು ಬೇಡ” ಎಂದೆವು. ಅವಳು ಕಣ್ಣೀರು ಹಾಕಿದಳು. ಅದುವರೆಗೆ ಸುಮ್ಮನಿದ್ದ ಮಗನು ತಲೆಯೆತ್ತಿ, “ಅವ್ವ, ಬುದ್ಧಿಯವರು ಹೇಳೋದು ಸರಿ. ಸುಳ್ಳು ಹೇಳಿ ತಂದವಳ ಮುಂದೆ ನಾನು ದಿನಾ ಮಾತ್ರೆ ನುಂಗೋದು ಹೇಗೆ? ಬಚ್ಚಿಡಬೇಕು, ಬಚ್ಚಿಟ್ಟು ಬಚ್ಚಿಟ್ಟು ಬಿಟ್ಟುಬಿಡ್ತೀನಿ” ಎಂದನು. ನಾವು ಓದಿದ ಯಾವ ಗ್ರಂಥವೂ ಇಷ್ಟು ಸ್ಪಷ್ಟವಾಗಿ ಈ ವಿಷಯವನ್ನು ಹೇಳಿರಲಿಲ್ಲ. ಮರೆಮಾಚಿದ ಮದುವೆಯಲ್ಲಿ ಮೊದಲು ಮರೆಯಾಗುವುದು ಮಾತ್ರೆ. ಮಾತ್ರೆ ನಿಂತೊಡನೆ ವ್ಯಾಧಿ ಮರುಕಳಿಸುವುದು. ಆಗ ಎರಡು ಮನೆಗಳು ಒಡೆಯುವುವು.

ತಾಯಿ ಹೇಳಿದಳು. ಹೆಣ್ಣಿನ ಮನೆಯವರು ಮರ್ಯಾದೆಯಿಂದಲೇ ಹಿಂದೆಗೆದರು. ಬಳಿಕ ಒಂದು ವರ್ಷ ಆ ತಾಯಿ ಮಠದ ಕಡೆ ತಲೆಹಾಕಲಿಲ್ಲ. ನಮ್ಮ ಮಾತಿನಿಂದ ಆ ಮನೆಗೆ ಬಂದ ದುಃಖವನ್ನು ನಾವು ಲಘುವೆಂದು ಎಣಿಸುವುದಿಲ್ಲ. ಸತ್ಯಕ್ಕೆ ಬೆಲೆ ತೆತ್ತವರು ಅವರು, ಅದನ್ನು ಉಪದೇಶಿಸಿದವರು ಮಾತ್ರ ನಾವು. ಆ ತರುಣನಿಗೆ ಇನ್ನೂ ಮದುವೆಯಾಗಿಲ್ಲ. ಆದರೆ ಅವನು ಮದ್ದು ಬಿಟ್ಟಿಲ್ಲ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಲೆಕ್ಕ ಬರೆಯುತ್ತಾನೆ. ಮೊದಲ ತಿಂಗಳು ತಪ್ಪುಗಳಾದಾಗ ಸಂಘದ ಕಾರ್ಯದರ್ಶಿಗಳು ಬಯ್ಯದೆ ಪಕ್ಕದಲ್ಲಿ ಕುಳಿತು ತಿದ್ದಿದರು. ಚಿಕಿತ್ಸೆಯಲ್ಲಿ ಇದೂ ಒಂದು ಭಾಗ. ಮನೆಯಲ್ಲಿ ಸದಾ ಟೀಕೆ, ಸಿಡುಕುಗಳಿದ್ದರೆ ವ್ಯಾಧಿ ಬೇಗ ಮರುಕಳಿಸುವುದೆಂದು ಇಂಗ್ಲೆಂಡಿನಲ್ಲಿಯೂ ನಮ್ಮ ಚಂಡೀಗಢದಲ್ಲಿಯೂ ನಡೆದ ಅಧ್ಯಯನಗಳು ತೋರಿಸಿವೆ. ಕಾಯಕವನ್ನು ಎಲ್ಲರಿಗೂ ತೆರೆದಿಟ್ಟ ಶರಣರ ಪರಂಪರೆಯವರಾದ ನಾವು ಇಂಥವರಿಗೆ ಒಂದು ಕೆಲಸ ಕೊಡಲು ಹಿಂಜರಿಯುವುದು ತರವಲ್ಲ.

ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದು ಭಾರತದ ಮನೋವೈದ್ಯರು ಜಗತ್ತಿಗೆ ತೋರಿದ ದಾರಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ಬಂಧುಗಳನ್ನು ರೋಗಿಗಳೊಡನೆ ಇರಿಸಿಕೊಂಡರು. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಆರಂಭವಾದ ಹುಚ್ಚರ ಆಶ್ರಯಕ್ಕೆ ಮೈಸೂರು ಸರ್ಕಾರ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಗೌರವದ ಹೆಸರಿಟ್ಟಿತು. 1954ರಲ್ಲಿ ಅಲ್ಲಿಯೇ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಅದು 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವ್ಯಾಧಿಗೆ ಮದ್ದು ದೊರೆಯುವಂತೆ ಮಾಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ತಂದಿತು. ನಮ್ಮ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನವರು 3033 ಜನರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮನೋವ್ಯಾಧಿಯಿತ್ತು. ಖಿನ್ನತೆ, ಆತಂಕ ಮತ್ತು ವ್ಯಸನಗಳದೇ ಅದರಲ್ಲಿ ದೊಡ್ಡ ಪಾಲು. ಮನೋವ್ಯಾಧಿ ಪರರ ಮನೆಯ ಮಾತೆಂದು ತಿಳಿಯಲು ಇನ್ನು ಅವಕಾಶವಿಲ್ಲ.

ಧಾರ್ಮಿಕ ಸ್ಥಳಗಳಿಗೆ ಸಂಬಂಧಿಸಿದ ಒಂದು ಘಟನೆಯನ್ನು ಮರೆಯಲಾಗದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ನಿಲಯವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಸರಪಳಿಯಿಂದ ಕಟ್ಟಿದ್ದರು, ಓಡಿಹೋಗಲಾಗಲಿಲ್ಲ. ಯಾವ ಮತದ ಕ್ಷೇತ್ರವೇ ಆಗಲಿ, ಪೀಠವೇ ಆಗಲಿ, ಈ ಪಾಠ ಎಲ್ಲರಿಗೂ ಒಂದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ, ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ, ತೀವ್ರವಾಗಿ ಬಳಲುವವರು ವೈದ್ಯಮಂಡಲಿಯಿಂದ ಪ್ರಮಾಣಪತ್ರ ಪಡೆದು ಸರ್ಕಾರದ ನೆರವನ್ನು ಕೇಳಬಹುದು.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿಹೋದವರಲ್ಲಿ ಇಂದು ಉಪಾಧ್ಯಾಯರಿದ್ದಾರೆ, ಗ್ರಾಮಾಡಳಿತಾಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ, ಊರಿನ ಹಿರಿಯರಾಗಿ ಮದುವೆಯ ಮಾತುಕತೆಗೆ ಕುಳಿತುಕೊಳ್ಳುವವರಿದ್ದಾರೆ. ಅವರಲ್ಲಿ ನಮ್ಮ ಕೋರಿಕೆ ಇಷ್ಟೆ. ಚೆನ್ನಾಗಿ ಓದುತ್ತಿದ್ದ ಹುಡುಗ ಕಾರಣವಿಲ್ಲದೆ ಹಿಂದೆ ಬಿದ್ದು, ಊಟ ನಿದ್ರೆ ಬಿಟ್ಟು, ಎಲ್ಲರನ್ನೂ ಸಂಶಯಿಸತೊಡಗಿದರೆ ನಗಬೇಡಿರಿ, ಹೆದರಬೇಡಿರಿ. ಅವನು ಕೇಳುತ್ತಿರುವ ಮಾತು ಸುಳ್ಳೆಂದು ವಾದಿಸಲೂ ಬೇಡಿರಿ. ಅದರಿಂದ ಅವನಿಗಾಗುವ ಸಂಕಟ ನಿಜವೆಂದು ಒಪ್ಪಿಕೊಂಡು, ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಮನೋವೈದ್ಯರಲ್ಲಿಗೋ ಕರೆದೊಯ್ಯಿರಿ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು, ಹಣ ಕೊಡಬೇಕಾಗಿಲ್ಲ. ದೇವರ ಹರಕೆಯನ್ನು ತೀರಿಸಬೇಡಿರೆಂದು ನಾವು ಹೇಳುವುದಿಲ್ಲ. ಹರಕೆ ಹುಣ್ಣಿಮೆಯವರೆಗೆ ಕಾಯಬಲ್ಲುದು. ಮದ್ದು ಈ ವಾರವೇ ಆರಂಭವಾಗಲಿ.